ಸೀಮೆಸುಣ್ಣದ ಎಡ್ಫು

ಮೇ ತಿಂಗಳಲ್ಲಿ ಸ್ವೀಡನ್ನಿನ ಉಪ್ಸಾಲಾದ ಬೆಳಕಿಗೆ ಸ್ವಲ್ಪವೂ ಸಂಕೋಚವಿಲ್ಲ. ನಾಲ್ಕು ಗಂಟೆಗೇ ಬಂದು ಪರದೆಯ ಅಂಚಿನಲ್ಲಿ ಇಣುಕುತ್ತದೆ. ಆ ದಿನವೂ ಇಣುಕಿತು. ನಾನು ಐದೂವರೆಯವರೆಗೆ ಅದರ ಜೊತೆ ಹಟ ಮಾಡಿ, ಸೋತು, ಎದ್ದು ಉಪ್ಪಿಟ್ಟಿಗೆ ರವೆ ಹುರಿಯಲು ನಿಂತೆ. ಇಲ್ಲಿಯವರು ಆ ರವೆಯನ್ನು ಹಾಲಿನಲ್ಲಿ ಬೇಯಿಸಿ ಮಕ್ಕಳಿಗೆ ಗಂಜಿ ಮಾಡುತ್ತಾರೆ. ಪೊಟ್ಟಣದ ಮೇಲೆ ಕೆಂಪು ಕೆನ್ನೆಯ ಮಗುವೊಂದು ನಗುತ್ತಿರುತ್ತದೆ. ಸಾಸಿವೆ ಸಿಡಿಯುವಾಗ ಪ್ರತಿದಿನ ನಾನು ಆ ಮಗುವಿನ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಡುತ್ತಿದ್ದೆ. ಪಾಪ, ಅದನ್ನೇಕೆ ನೋಯಿಸಬೇಕು.

ಏಳು ಗಂಟೆಗೆ ನಮ್ಮ ಯಜಮಾನರು ಮನೆಯಲ್ಲೆಲ್ಲ ಓಡಾಡತೊಡಗಿದರು. ಅವರು ಔಷಧಗಳ ಸಂಶೋಧನಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದರು. ಕಣ್ಣಿಗೆ ಕಾಣದ ಅಣುಗಳನ್ನು ಹುಡುಕಿ ಹಿಡಿಯುವ ಅವರಿಗೆ ಕಲ್ಲಂಗಡಿಯಷ್ಟು ದೊಡ್ಡ ಸೈಕಲ್ ಹೆಲ್ಮೆಟ್ ಮಾತ್ರ ದಿನವೂ ಕಳೆದುಹೋಗುತ್ತಿತ್ತು.

"ರೀ, ಫ್ರಿಜ್ ಮೇಲಿದೆ."

"ನಾನು ಕೇಳೇ ಇಲ್ವಲ್ಲೇ."

"ಕೇಳ್ತೀರಿ ಅಂತ ಗೊತ್ತು. ಇವತ್ತು ನನ್ನ ತಲೆಯಲ್ಲಿ ಹೆಲ್ಮೆಟ್‌ಗೆ ಜಾಗ ಇಲ್ಲ, ಮೊದಲೇ ಹೇಳಿ ಮುಗಿಸ್ತಿದ್ದೀನಿ."

ಎಂಟು ವರ್ಷದ ಮಗಳು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಅಡುಗೆಮನೆಗೆ ಬಂದು ನನ್ನ ತುಟಿಗಳನ್ನು ಪರೀಕ್ಷಿಸಿದಳು. ಸ್ವೀಡಿಷ್‌ನಲ್ಲಿ ದೇವರು ಎನ್ನುವುದಕ್ಕೆ ತುಟಿಯನ್ನು ಸೀಟಿ ಊದುವವರ ಹಾಗೆ ಚೂಪು ಮಾಡಬೇಕು. ನನಗೆ ಅದು ಒಗ್ಗುತ್ತಿರಲಿಲ್ಲ. ದೇವರ ಹೆಸರೆತ್ತುವಾಗ ಸೀಟಿ ಹೊಡೆಯುವುದನ್ನು ನಮ್ಮ ಮನೆಯ ಹಿರಿಯರಾಗಲಿ, ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳಾಗಲಿ ಒಪ್ಪುತ್ತಿರಲಿಲ್ಲ.

"ನೋ ಅಮ್ಮಾ, ಲಿಸನ್. ಟೈಟಾಗಿ, ಹೀಗೆ," ಎಂದು ಮಗಳು ಪೇಸ್ಟಿನ ನೊರೆಯ ನಡುವಿನಿಂದ ತೋರಿಸಿದಳು.

"ಬಿಡು ಪುಟ್ಟಿ," ಎಂದರು ಇವರು, ಹೆಲ್ಮೆಟ್ ಪಟ್ಟಿ ಬಿಗಿಯುತ್ತ. "ಇವತ್ತು ಅಮ್ಮ ಈಜಿಪ್ಟಿನ ಹೆಡ್ ಪ್ರೀಸ್ಟು. ದೇವರೇ ಅಡ್ಜಸ್ಟ್ ಮಾಡ್ಕೋತಾನೆ."

ಅವರು ನಗಿಸಲೆಂದೇ ಅಂದದ್ದು. ನನಗೆ ನಗು ಬರಲಿಲ್ಲ. ಅಂದು ನನ್ನ ಸ್ವೀಡಿಷ್ ಮಾತಿನ ಪರೀಕ್ಷೆ.

ನಮ್ಮ ಮನೆಯ ಹಿಂದೆಯೇ ಒಂದು ದಾಗಿಸ್ ಇತ್ತು. ಪುಟ್ಟ ಮಕ್ಕಳನ್ನು ಹಗಲು ಬಿಟ್ಟುಹೋಗುವ ಶಿಶುವಿಹಾರ. ಆಗಸ್ಟ್‌ನಿಂದ ಅಲ್ಲಿ ನನಗೆ ಅರ್ಧ ದಿನದ ಸಹಾಯಕಿಯ ಕೆಲಸ ಕೊಡುವುದಾಗಿ ಅದರ ಮೇಲ್ವಿಚಾರಕಿ ಹೇಳಿದ್ದರು. ಷರತ್ತು ಒಂದೇ. ಹೊರಗಿನಿಂದ ಬಂದವರಿಗಾಗಿ ಕೊಮ್ಮೂನ್, ಅಂದರೆ ಇಲ್ಲಿಯ ನಗರಸಭೆ, ನಡೆಸುವ ಸ್ವೀಡಿಷ್ ತರಗತಿಯ ಪ್ರಮಾಣಪತ್ರ ಜೂನ್ ಒಳಗೆ ಬೇಕು. ಬರೆಯುವ ಪರೀಕ್ಷೆ ನನಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಮಾತಿನ ಪರೀಕ್ಷೆಯಲ್ಲಿ ಮಾತ್ರ ಡಿಸೆಂಬರಿನಲ್ಲೇ ಒಮ್ಮೆ ಫೇಲಾಗಿದ್ದೆ. 'ನನ್ನ ಊರು' ಎಂಬ ವಿಷಯದ ಮೇಲೆ ಹತ್ತು ನಿಮಿಷ ಒಂದು ಅಕ್ಷರವೂ ತಪ್ಪದ ಹಾಗೆ ಮಾತಾಡಿ ಕುಳಿತಿದ್ದೆ. ಟೀಚರು ಕನ್ನಡಕ ತೆಗೆದು, "ಇದು ನೀವು ಮಾತಾಡಿದ್ದಲ್ಲ, ಒಪ್ಪಿಸಿದ್ದು," ಎಂದಿದ್ದರು. ಒಪ್ಪಿಸುವುದಕ್ಕೆ ನಮ್ಮ ಕಾನ್ವೆಂಟಿನಲ್ಲಿ ನನಗೆ ಎರಡು ಸಲ ಕಪ್ ಕೊಟ್ಟಿದ್ದಾರೆ. ಇಲ್ಲಿ ಅದೇ ಅಪರಾಧ. ಈ ಸಲವೂ ತಪ್ಪಿದರೆ ಮುಂದಿನ ಪರೀಕ್ಷೆ ಚಳಿಗಾಲಕ್ಕೆ, ಕೆಲಸ ಬೇರೆಯವರಿಗೆ. ಊರು ಬಿಟ್ಟು ನಾಲ್ಕು ವರ್ಷ ಮನೆಯೊಳಗೇ ಇದ್ದವಳಿಗೆ ಆ ಅರ್ಧ ದಿನ ಎಷ್ಟು ದೊಡ್ಡದೆಂದು ನಾನು ಯಾರಿಗೂ ಹೇಳಿರಲಿಲ್ಲ. ಮನೆಯವರಿಗೂ ಕೂಡ.

ವಿಷಯಗಳನ್ನು ಬಿಸ್ಕತ್ ಡಬ್ಬಿಯಿಂದ ಚೀಟಿ ಎತ್ತಿ ಹಂಚಿದ್ದರು. ಎಲ್ಲರಿಗೂ ಕಡವೆಯಂಥ ಇಲ್ಲಿನ ಕಾಡುಪ್ರಾಣಿ, ಕೇಸರಿ ಹಾಕಿದ ಬನ್ನು, ಬಸ್ಸಿನ ಶಿಸ್ತು ಎಂದು ಸುಲಭದ್ದು ಬಂತು. ನನಗೆ ಬಂದದ್ದು 'ಎಡ್ಫುವಿನ ಹೋರಸ್ ದೇವಾಲಯ'. ಟೀಚರು ಆ ಚಳಿಗಾಲದಲ್ಲಿ ನೈಲ್ ನದಿಯ ಪ್ರವಾಸ ಮಾಡಿ ಕಂದುಬಣ್ಣವಾಗಿ ಬಂದಿದ್ದರು; ಅದರ ಫಲ. ತರಗತಿಯಲ್ಲಿ ನಿಜವಾದ ಈಜಿಪ್ಟಿನವರೂ ಒಬ್ಬರಿದ್ದರು. ಕೈರೋದಲ್ಲಿ ಔಷಧದಂಗಡಿ ನಡೆಸಿದ್ದ, ನನಗಿಂತ ಹತ್ತು ವರ್ಷ ದೊಡ್ಡ ಹೆಂಗಸು. ಅವರಿಗೆ ಬಂದದ್ದು ಕಡವೆ. ಅದಲುಬದಲು ಮಾಡಿಕೊಳ್ಳುತ್ತೇವೆಂದು ನಾವಿಬ್ಬರೂ ಕೇಳಿದೆವು. ಟೀಚರು ಒಪ್ಪಲಿಲ್ಲ.

"ಹೋಗ್ಲಿ ಬಿಡು," ಎಂದರು ಕೈರೋದವರು. "ಎಡ್ಫುಗೆ ನಾನು ಶಾಲೆಯಿಂದ ಒಮ್ಮೆ ಹೋಗಿದ್ದೆ. ಬಸ್ಸಲ್ಲಿ ವಾಂತಿ ಮಾಡಿದ್ದು ಜ್ಞಾಪಕ ಇದೆ, ಅಷ್ಟೇ."

ಸ್ವೀಡಿಷ್‌ನಲ್ಲಿ ಎಲ್ಲರಿಗೂ ಒಂದೇ ಏಕವಚನ. ಇದನ್ನು ಕನ್ನಡದಲ್ಲಿ ಬರೆಯುವಾಗ ಮಾತ್ರ ನನ್ನ ಕೈ ಹಿರಿಯರಿಗೆ 'ನೀವು' ಎಂದೇ ಬರೆಯುತ್ತದೆ, ತಪ್ಪು ತಿಳಿಯಬಾರದು.

ಲೈಬ್ರರಿಯಿಂದ ದಪ್ಪ ಪುಸ್ತಕವೊಂದನ್ನು ತಂದು, ನಿಘಂಟು ಪಕ್ಕದಲ್ಲಿಟ್ಟುಕೊಂಡು, ಬೇಳೆ ಬೇಯುವ ಹೊತ್ತಿನಲ್ಲೆಲ್ಲ ಓದಿದೆ. ಕಾನ್ವೆಂಟಿನಲ್ಲಿ ನಮಗೆ ಈಜಿಪ್ಟ್ ಎಂದರೆ ಕಲ್ಲೆದೆಯ ಫರೋಹ, ಕಪ್ಪೆಗಳ ಹಾವಳಿ, ಎರಡಾಗಿ ಸೀಳಿದ ಸಮುದ್ರ. ಒಟ್ಟಿನಲ್ಲಿ ಕೆಟ್ಟವರ ದೇಶ. ಈ ಪುಸ್ತಕದಲ್ಲಿ ಬೇರೆಯೇ ಒಂದು ಮನೆ ತೆರೆದುಕೊಂಡಿತು. ಮುಂದೆ ಎರಡು ದೈತ್ಯ ಗೋಡೆಗಳ ಹೆಬ್ಬಾಗಿಲು. ಬಾಗಿಲ ಬಳಿ ಕಲ್ಲಿನ ಗಿಡುಗ, ಅದೇ ಹೋರಸ್ ದೇವರು. ಆಮೇಲೆ ಬಿಸಿಲಿನ ಅಂಗಳ, ಅದರಾಚೆ ಕಂಬಗಳ ಮಂಟಪ, ಇನ್ನೊಂದು ಸಣ್ಣ ಮಂಟಪ, ನೈವೇದ್ಯದ ಕೋಣೆ, ಎಲ್ಲಕ್ಕಿಂತ ಒಳಗೆ ಒಂದೇ ಕಲ್ಲಿನಲ್ಲಿ ಕಡೆದ ಗೂಡು. ಒಳಹೋದಂತೆ ನೆಲ ಮೆಲ್ಲಗೆ ಏರುತ್ತದೆ, ಚಾವಣಿ ಇಳಿಯುತ್ತದೆ, ಬೆಳಕು ಸಣ್ಣಗಾಗುತ್ತದೆ. ಕಂಬಗಳೆಲ್ಲ ಜೊಂಡು, ತಾವರೆ, ಈಚಲು. ಲೋಕ ಹುಟ್ಟಿದ ದಿನದ ಜೌಗುಭೂಮಿಯಂತೆ. ಕೊನೆಯ ಕತ್ತಲ ಕೋಣೆ, ಆ ನೀರಿನಿಂದ ಮೊದಲು ಮೇಲೆದ್ದ ದಿಬ್ಬ.

ನವರಂಗ, ಸುಕನಾಸಿ, ಗರ್ಭಗುಡಿ ಎಂದು ನಾನು ಪೆನ್ಸಿಲಿನಲ್ಲಿ ಪಕ್ಕಕ್ಕೆ ಗುರುತು ಹಾಕಿಕೊಂಡೆ. ಲೈಬ್ರರಿಯ ಪುಸ್ತಕದಲ್ಲಿ! ಆಮೇಲೆ ಅಳಿಸಿದೆ, ನಂಬಿ.

ಕಟ್ಟಿಸಿದ ರಾಜರ ಕಥೆಯೂ ಸೊಗಸಾಗಿತ್ತು. ಅವರು ಗ್ರೀಕ್ ಮೂಲದವರು. ಹೊರಗಿನಿಂದ ಬಂದು, ಗೋಡೆಯ ಚಿತ್ರದಲ್ಲೆಲ್ಲ ಹಳೆಯ ಫರೋಹರ ಕಿರೀಟ ತೊಟ್ಟು, ಊರವರಿಗಿಂತ ಹೆಚ್ಚು ಊರವರಾಗಿ ನಿಂತಿದ್ದರು. ಮೊದಲ ಡಿಸೆಂಬರಿನಲ್ಲಿ ಕಿವಿಯವರೆಗೆ ಟೋಪಿ ಎಳೆದುಕೊಂಡು ಫೋಟೋ ತೆಗೆಸಿಕೊಂಡ ನಮ್ಮ ಯಜಮಾನರ ನೆನಪಾಯಿತು. ಇನ್ನು ಹೋರಸನ ಹೆಂಡತಿ ಹಥೋರ್ ಇರುವುದು ದೂರದ ಡೆಂಡೆರಾದ ತನ್ನದೇ ದೇವಸ್ಥಾನದಲ್ಲಿ. ವರ್ಷಕ್ಕೊಮ್ಮೆ ದೋಣಿಯಲ್ಲಿ ಬಂದು ಹದಿನೈದು ದಿನ ಗಂಡನ ಮನೆಯಲ್ಲಿದ್ದು ಹಿಂತಿರುಗುತ್ತಾಳೆ. ಉಳಿದ ವರ್ಷವೆಲ್ಲ ಸ್ವಂತ ಮನೆ. ಯಾರ ಹೆಲ್ಮೆಟ್ಟನ್ನೂ ಹುಡುಕಿಕೊಡಬೇಕಿಲ್ಲ.

ಆಮೇಲೆ ದಿನದ ಪೂಜೆಯ ಅಧ್ಯಾಯ ಬಂತು. ಬೆಳಗಿನ ಹೊತ್ತು ಪೂಜಾರಿ ಬಾಗಿಲಿನ ಮುದ್ರೆ ಒಡೆದು, ಹಾಡಿ ದೇವರನ್ನು ಎಬ್ಬಿಸುತ್ತಾನೆ. ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ಸುಗಂಧದೆಣ್ಣೆ ಹಚ್ಚಿ, ಊಟ ಬಡಿಸುತ್ತಾನೆ. ದೇವರು ಉಂಡಾದ ಮೇಲೆ ಅದೇ ಊಟ ಪೂಜಾರಿಗಳ ಮನೆಗೆ. ಸುಪ್ರಭಾತ, ಅಭಿಷೇಕ, ಅಲಂಕಾರ, ನೈವೇದ್ಯ, ಪ್ರಸಾದ! ನನಗೆ ಕಣ್ಣು ತುಂಬಿ ಬಂತು. ಇವರು ನಮ್ಮವರೇ! ಇನ್ನು ಮುಂದಿನದನ್ನು ಬೇರೆ ಓದಬೇಕೇ, ನನಗೆ ಗೊತ್ತಿಲ್ಲದ್ದು ಏನಿದೆ ಎಂದುಕೊಂಡು ಪುಸ್ತಕವನ್ನು ಅಲ್ಲಿಗೇ ಮುಚ್ಚಿ ಬೇಳೆ ಇಳಿಸಿದೆ.

ಪರೀಕ್ಷೆಯ ದಿನ ತರಗತಿಯ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ, ಕಪ್ಪು ನೆಲದ ಮೇಲೆ ಸೀಮೆಸುಣ್ಣದಿಂದ ದೇವಸ್ಥಾನದ ನಕ್ಷೆ ಬರೆದೆ. ಕಂಪ್ಯೂಟರಿನಲ್ಲಿ ಚಿತ್ರ ತೋರಿಸುವುದು ನನಗೆ ಬರುತ್ತಿರಲಿಲ್ಲ. ನೆಲದ ಮೇಲೆ ಬರೆಯುವುದು ಏಳನೆಯ ವಯಸ್ಸಿನಿಂದ ಬರುತ್ತಿತ್ತು. ದೊಡ್ಡ ಮಂಟಪದ ಕಂಬಗಳಿಗಾಗಿ ಆರರ ಮೂರು ಸಾಲು ಚುಕ್ಕಿ ಇಟ್ಟೆ. ಇಟ್ಟದ್ದೇ ತಡ, ಕೈ ನನ್ನನ್ನು ಕೇಳದೆ ಚುಕ್ಕಿಗಳ ಸುತ್ತ ಎಳೆ ತಿರುಗಿಸತೊಡಗಿತು. ಎಚ್ಚರವಾಗುವಷ್ಟರಲ್ಲಿ ಹೋರಸನ ಮಂಟಪದಲ್ಲಿ ಅರ್ಧ ಬಳ್ಳಿ ಹಬ್ಬಿತ್ತು.

"ಅದು ಏನು?" ಎಂದರು ಟೀಚರು.

"ಅಲಂಕಾರ," ಎಂದೆ. ಸೆರಗಿನಿಂದ ಒರೆಸುವವಳ ಹಾಗೆ ಸ್ವೆಟರಿನ ತೋಳಿನಿಂದ ಒರೆಸಿದೆ.

ಎತ್ತರದ ಇಬ್ಬರು ಸಹಪಾಠಿಗಳನ್ನು ಹೆಬ್ಬಾಗಿಲ ಗೋಡೆಗಳಾಗಿ ನಿಲ್ಲಿಸಿದೆ. ಒಳಗೆ ಕಾಲಿಡುವ ಮೊದಲು ಚಪ್ಪಲಿ ಬಿಟ್ಟೆ. ಸ್ವೀಡನ್ನಿನಲ್ಲಿ ಒಬ್ಬರು ಪಾದರಕ್ಷೆ ಬಿಟ್ಟರೆ ಉಳಿದವರು ಕಾರಣ ಕೇಳುವುದಿಲ್ಲ. ಹನ್ನೊಂದು ಜನರೂ ಬಿಟ್ಟರು. ಹೆಬ್ಬಾಗಿಲಿನ ಎಡಗಡೆಯ ಗೋಡೆಯ ಕಾಲುಚೀಲದಲ್ಲಿ ತೂತಿತ್ತು. ಅದು ನಾಚಿ ಕಾಲ ಮೇಲೆ ಕಾಲಿಟ್ಟುಕೊಂಡು ನಿಂತಿತು.

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಗಲ್ಲ ಎತ್ತಿ, ಶುರುಮಾಡಿದೆ. ರಾಜರು, ಕಂಬಗಳು, ಏರುವ ನೆಲ, ಇಳಿಯುವ ಚಾವಣಿ. ಒಂದೂ ತಪ್ಪಿರಲಿಲ್ಲ. ಟೀಚರು ಕನ್ನಡಕ ತೆಗೆಯುವುದು ಕಂಡಿತು. ಡಿಸೆಂಬರಿನಲ್ಲೂ ಇದೇ ಗಳಿಗೆಯಲ್ಲಿ ತೆಗೆದಿದ್ದರು. ಗೊತ್ತಿದ್ದೂ ನಿಲ್ಲಿಸಲಾಗಲಿಲ್ಲ, ಕಂಠಪಾಠದ ಬಂಡಿ ನಡುವೆ ನಿಲ್ಲುವುದಿಲ್ಲ.

"ಬನ್ನಿ, ಈಗ ಎಲ್ಲರೂ ದೇವರನ್ನು ನೋಡೋಣ," ಎಂದು ಬಾಯಿಪಾಠದ ಮುಂದಿನ ಸಾಲು ಹೇಳಿ, ತರಗತಿಯನ್ನು ಅಂಗಳದಿಂದ ಒಳಕ್ಕೆ ಕರೆದೆ. ಗರ್ಭಗುಡಿಯ ಸುತ್ತ ನಕ್ಷೆಯಲ್ಲಿ ಒಂದು ಓಣಿಯನ್ನೂ ಬರೆದಿದ್ದೆ, ಅದರಲ್ಲಿ ಎಲ್ಲರಿಗೂ ಪ್ರದಕ್ಷಿಣೆ ಹಾಕಿಸಬೇಕೆಂದಿದ್ದೆ.

ಎಲ್ಲರೂ ಬಂದರು. ಕೈರೋದವರು ಮಾತ್ರ ಅಂಗಳದ ಗೆರೆಯ ಬಳಿ ನಿಂತುಬಿಟ್ಟರು.

"ನಾನು ಬರಲ್ಲ."

ಇದು ನನ್ನ ಪಾಠದಲ್ಲಿರಲಿಲ್ಲ. "ಯಾಕೆ?"

"ನಮ್ಮನ್ನ ಒಳಗೆ ಬಿಡ್ತಿರ್ಲಿಲ್ಲ. ಜನಕ್ಕೆ ಇಲ್ಲೀತನಕ, ಅದೂ ಹಬ್ಬದ ದಿನ. ಒಳಗೆ ಪುರೋಹಿತರು. ಕೊನೇ ಕೋಣೆಗೆ ರಾಜ, ಇಲ್ಲಾಂದ್ರೆ ರಾಜನ ಬದಲಿಗೆ ಒಬ್ಬ ಪುರೋಹಿತ. ಅಷ್ಟೇ."

"ಹಾಗಾದ್ರೆ ಈ ಓಣಿ? ಇದು ಸುತ್ತು ಬರೋಕೆ ಅಲ್ವಾ?"

"ಸುತ್ತಲಿನ ಕೋಣೆಗಳಿಗೆ ಹೋಗೋ ದಾರಿ ಅದು. ಬೇರೆ ದೇವರ ಕೋಣೆ, ದೇವರ ಬಟ್ಟೆ ಇಡೋ ಕೋಣೆ. ನಿನ್ನ ಪುಸ್ತಕದಲ್ಲಿ ಬರೆದಿಲ್ವಾ?"

ಬರೆದಿರಬಹುದು. ನಾನು ಬೇಳೆ ಇಳಿಸಿದ ಪುಟದ ಆಚೆ.

ಬೆನ್ನ ಹಿಂದಿನ ಕೈ ಯಾವಾಗ ಬಿಚ್ಚಿಕೊಂಡಿತೋ, ಗಾಳಿಯಲ್ಲಿ ಆಡುತ್ತಿತ್ತು. "ಒಂದು ನಿಮಿಷ. ಬೆಳಿಗ್ಗೆ ಹಾಡಿ ಎಬ್ಬಿಸ್ತಾರೆ, ಸ್ನಾನ ಮಾಡಿಸ್ತಾರೆ, ಎಣ್ಣೆ ಹಚ್ತಾರೆ, ಹೊಸ ಬಟ್ಟೆ ಹಾಕ್ತಾರೆ. ಇಷ್ಟೆಲ್ಲ ಮಾಡಿ ಯಾರಿಗೂ ತೋರಿಸಲ್ವಾ? ಮತ್ತೆ ಅಲಂಕಾರ ಯಾಕೆ?"

"ದೇವರಿಗೋಸ್ಕರ. ನೀನು ಸ್ನಾನ ಮಾಡಿ ಒಳ್ಳೇ ಬಟ್ಟೆ ಹಾಕೋದು ಬೀದಿಯವರಿಗೆ ತೋರಿಸೋಕಾ?"

"ಹೌದು!" ಎಂದೆ.

ಹೆಬ್ಬಾಗಿಲ ಎರಡೂ ಗೋಡೆಗಳು ನಕ್ಕವು. ನನಗೆ ಆಗ ಪರೀಕ್ಷೆ ಮರೆತೇಹೋಗಿತ್ತು.

"ಹಬ್ಬದ ದಿನ ದೇವರನ್ನ ದೋಣಿಯಲ್ಲಿಟ್ಟು ಹೊತ್ಕೊಂಡು ಹೊರಗೆ ತರ್ತಾರಲ್ಲ, ಆಗಾದ್ರೂ ಕಾಣ್ತಾನಾ?"

"ಇಲ್ಲ. ದೋಣಿಯ ಮೇಲಿನ ಮಂಟಪಕ್ಕೆ ಪರದೆ ಇರುತ್ತೆ. ಜನ ಪರದೆಗೆ ನಮಸ್ಕಾರ ಮಾಡ್ತಿದ್ರು."

"ಹಾಗಾದ್ರೆ ಮಗುಗೆ ಜ್ವರ ಬಂದ ಹೆಂಗಸು ಯಾರ ಹತ್ರ ಹೋಗಿ ಹೇಳ್ಬೇಕು?"

"ಗೋಡೆ ಹತ್ರ. ಕೆಲವು ದೇವಸ್ಥಾನದ ಹಿಂದಗಡೆ ಕಲ್ಲಲ್ಲಿ ಕಿವಿ ಕೆತ್ತಿ ಇಡ್ತಿದ್ರು. ಅದಕ್ಕೆ ಹೇಳ್ಕೊಂಡು ಮನೆಗೆ ಹೋಗೋದು."

"ಇದು ಅನ್ಯಾಯ," ಎಂದೆ. ಆ ಶಬ್ದವನ್ನು ಸ್ವೀಡಿಷ್‌ನಲ್ಲಿ ಅಲ್ಲಿಯವರೆಗೆ ಬಾಯಿಬಿಟ್ಟು ಹೇಳಿದ್ದೇ ಇಲ್ಲ.

"ನಿಮ್ಮ ದೇಶದಲ್ಲಿ?" ಎಂದರು ಕೈರೋದವರು, ಗೆರೆಯ ಮೇಲೆ ನಿಂತೇ. "ಅಲ್ಲಿ ಎಲ್ಲರನ್ನೂ ಒಳಗೆ ಬಿಡ್ತಾರಾ?"

'ಹೌದು' ಎಂದರೆ ಮಾತು ಮುಗಿಯುತ್ತಿತ್ತು. ನಾನು ಬೇಕಾದಷ್ಟು ಹೊತ್ತು ತೆಗೆದುಕೊಂಡು, ಶಬ್ದವನ್ನು ಒಂದೊಂದಾಗಿ ಹುಡುಕಿ, ಹೇಳಿದೆ: "ಇಲ್ಲ. ಎಷ್ಟೋ ಕಾಲ ಎಲ್ಲರನ್ನೂ ಬಿಡ್ತಿರಲಿಲ್ಲ. ಕೆಲವರಿಗೆ ಅಂಗಳವೂ ಇರಲಿಲ್ಲ. ಈಗಲೂ ಎಲ್ಲ ಕಡೆ ಬಿಡ್ತಾರೆ ಅಂತ ಹೇಳಲಾರೆ. ನನ್ನನ್ನ ಯಾರೂ ತಡೀಲಿಲ್ಲ. ಅದಕ್ಕೇ ದೇವಸ್ಥಾನ ಅಂದ್ರೆ ಒಳಗೆ ಹೋಗೋದು ಅಂತ ಅಂದ್ಕೊಂಡಿದ್ದೆ. ಇವತ್ತಿನವರೆಗೆ ಯೋಚನೆ ಮಾಡಿರಲಿಲ್ಲ."

ಕೈರೋದವರು ತಲೆಯಾಡಿಸಿದರು. "ನಮ್ಮವರು ಕೊನೆಗೂ ಒಳಗೆ ಹೋದ್ರು. ಕ್ರೈಸ್ತರಾದ ಮೇಲೆ. ಹೋಗಿ ಕೈಲಾದಷ್ಟು ದೇವರ ಮುಖಗಳನ್ನ ಉಳಿಯಿಂದ ಕಿತ್ತುಹಾಕಿದ್ರು. ಚಾವಣಿಯ ಮಸಿಯೂ ಅವರೇ ಹಚ್ಚಿದ ಬೆಂಕಿಯದು ಅಂತಾರೆ. ಆಮೇಲೆ ಮರಳು ತುಂಬಿ, ಅದರ ಮೇಲೇ ಜನ ಮನೆ ಕಟ್ಕೊಂಡ್ರು. ದೇವರ ತಲೆ ಮೇಲೆ ಅಡುಗೆಮನೆ."

"ಅಷ್ಟು ಕಾಲ ಬಾಗಿಲಲ್ಲೇ ನಿಲ್ಲಿಸಿದ್ರೆ ಇನ್ನೇನಾಗುತ್ತೆ?" ಎಂದೆ. "ಒಂದು ದಿನ ಒಳಗೆ ಕರೆದು ತೋರಿಸಿದ್ದಿದ್ರೆ ಆ ಮುಖಗಳು ಉಳೀತಿದ್ವೇನೋ."

"ನೀನು ಪೂಜಾರಿಯಾಗಿದ್ರೆ ಕರೀತಿದ್ದೆಯಾ?"

"ಮೊದಲು ನೆಲ ಒರೆಸಿ, ಆಮೇಲೆ ಕರೀತಿದ್ದೆ."

ಅಷ್ಟು ಹೊತ್ತಿಗೆ ನನ್ನ ಹತ್ತು ನಿಮಿಷ ಎಂದೋ ದಾಟಿತ್ತು. ಟೀಚರು ತಲೆಯೆತ್ತದೆ ಬರೆಯುತ್ತಿದ್ದರು. ನನಗೆ ಥಟ್ಟನೆ ಎಲ್ಲವೂ ನೆನಪಾಯಿತು: ಕಾಲಲ್ಲಿ ಚಪ್ಪಲಿಯಿಲ್ಲ, ಕೂದಲಲ್ಲಿ ಸೀಮೆಸುಣ್ಣ, ವಿಷಯ ತಪ್ಪು, ಪರೀಕ್ಷೆಯಲ್ಲಿ ಜಗಳ. ಸಿಸ್ಟರುಗಳಾಗಿದ್ದರೆ ಪ್ರಿನ್ಸಿಪಾಲರ ಕೋಣೆಯ ಮುಂದೆ ಮೊಣಕಾಲೂರಿಸುತ್ತಿದ್ದರು. ಆಗಸ್ಟ್ ನನ್ನ ಕಣ್ಣೆದುರೇ ಮೆಲ್ಲಗೆ ಎದ್ದು ಹೋಗುತ್ತಿರುವಂತೆ ಕಂಡಿತು.

ಟೀಚರು ಕನ್ನಡಕ ಹಾಕಿಕೊಂಡರು. "ಮೊದಲ ನಾಲ್ಕು ನಿಮಿಷಕ್ಕೆ ನಾನು ಏನೂ ಕೊಡಲಾರೆ. ಅದು ಪುಸ್ತಕ ಮಾತಾಡಿದ್ದು," ಎಂದರು. ನಾನು ನೆಲ ನೋಡಿದೆ. "ಆಮೇಲಿನದು ನೀವು ಮಾತಾಡಿದ್ದು. ಜಗಳಕ್ಕೆ ಪಾಸ್. ದೇವಸ್ಥಾನ ಪೂರ್ತಿ ತಪ್ಪು, ಆದರೆ ನಾನು ಕಲಿಸೋದು ದೇವಸ್ಥಾನ ಅಲ್ಲ." ಕಾಗದ ಮಡಚುತ್ತ ಹೇಳಿದರು: "ನಮ್ಮ ದೋಣಿ ಅಲ್ಲಿ ಒಂದು ಗಂಟೆ ನಿಂತಿತ್ತು. ಅಷ್ಟೂ ಹೊತ್ತು ನಾನು ನೆರಳು ಹುಡುಕ್ತಿದ್ದೆ."

ಆಮೇಲೆ ಫೀಕಾ. ಕಾಫಿ ಕುಡಿಯುವುದಕ್ಕೆ ಇಲ್ಲಿ ಅಷ್ಟು ಗಂಭೀರವಾದ ಹೆಸರಿದೆ. ಕೈರೋದವರು ನನ್ನ ಪಕ್ಕ ಕುಳಿತು ದಾಲ್ಚಿನ್ನಿ ಬನ್ನನ್ನು ಎರಡು ಮಾಡಿ ಒಂದನ್ನು ನನ್ನ ತಟ್ಟೆಗೆ ಹಾಕಿದರು.

"ನಿಮಗೆ ಎಡ್ಫು ಬಗ್ಗೆ ವಾಂತಿ ಬಿಟ್ಟು ಬೇರೇನೂ ಜ್ಞಾಪಕ ಇಲ್ಲ ಅಂದಿದ್ರಿ," ಎಂದೆ.

"ಇರಲಿಲ್ಲ. ಕಳೆದ ವಾರ ಲೈಬ್ರರಿಯಲ್ಲಿ ಓದಿದೆ. ನೀನು ವಾಪಸ್ ಕೊಟ್ಟ ಪುಸ್ತಕವೇ." ಅವರು ಕಾಫಿ ಊದಿದರು. "ನನ್ನ ಶಾಲೆಯಲ್ಲೂ ಇದ್ದದ್ದು ನನ್‌ಗಳೇ, ಫ್ರೆಂಚರು. ಬಾಯಿಪಾಠ ಅನ್ನೋದು ನನಗೆ ವಾಸನೆಯಲ್ಲೇ ಗೊತ್ತಾಗುತ್ತೆ."

ಬೇಕೆಂದೇ ಗೆರೆಯ ಬಳಿ ನಿಂತರೇ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಬನ್ನು ಚೆನ್ನಾಗಿತ್ತು.

ಸಂಜೆ ಮನೆಯವರಿಗೆ ಪ್ರಮಾಣಪತ್ರ ತೋರಿಸಿದೆ. ಅವರು ಎರಡು ಸಲ ಓದಿ, "ಅಂದ್ರೆ ಅಫಿಶಿಯಲ್ಲಾಗಿ ಜಗಳಕ್ಕೇ ಸರ್ಟಿಫಿಕೇಟಾ? ನನ್ನ ಕೇಳಿದ್ರೆ ಎಂದೋ ಸೈನ್ ಮಾಡಿ ಕೊಡ್ತಿದ್ದೆ," ಎಂದರು. ಆಗಸ್ಟ್‌ನಿಂದ ಮಧ್ಯಾಹ್ನದವರೆಗೆ ನಾನು ಮನೆಯಲ್ಲಿರುವುದಿಲ್ಲ ಎಂದೆ. ಅವರು ನನ್ನ ಮುಖ ನೋಡಿ, ತಮಾಷೆ ಬಿಟ್ಟು, "ಇಷ್ಟು ಬೇಕಾಗಿತ್ತೇನೇ ನಿಂಗೆ?" ಎಂದರು. ನಾನು ಕುಕ್ಕರಿನ ಕಡೆ ತಿರುಗಿಕೊಂಡೆ. ಮಗಳು ಪತ್ರದಲ್ಲಿ ನನ್ನ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ನೋಡಿ, ಸರಿಯಿದೆ ಎಂದು ಒಪ್ಪಿಗೆ ಕೊಟ್ಟಳು.

ಊಟವಾದ ಮೇಲೆ ಕಸದ ಚೀಲ ಹಿಡಿದು ಕೆಳಗಿಳಿದೆ. ಎಂಟು ಗಂಟೆಯಾದರೂ ಅಂಗಳದಲ್ಲಿ ಬಿಸಿಲಿತ್ತು. ಕೆಳಮನೆಯ ಅಜ್ಜಿ, ಬೂಟು ತೊಟ್ಟು, ಗುಲಾಬಿ ಗಿಡದ ಬುಡ ಕೆದಕುತ್ತಿದ್ದರು. ನಾಲ್ಕು ವರ್ಷಗಳಿಂದ ನಮ್ಮಿಬ್ಬರ ನಡುವೆ ಹವಾಮಾನ ಬಿಟ್ಟು ಬೇರೆ ವಿಷಯ ಬಂದಿರಲಿಲ್ಲ. ಅಂದು ನನಗೆ ತಡೆಯಲಾಗಲಿಲ್ಲ. ಸ್ವೀಡಿಷ್ ಪರೀಕ್ಷೆ ಪಾಸಾದೆ, ಹಿಂದಿನ ದಾಗಿಸ್‌ನಲ್ಲಿ ಕೆಲಸ ಸಿಕ್ಕುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಅಜ್ಜಿ ತಲೆಯೆತ್ತದೆ ಒಂದು ಕಳೆ ಕಿತ್ತು ಬುಟ್ಟಿಗೆ ಹಾಕಿದರು.

"ಒಳ್ಳೇದಾಯ್ತು," ಎಂದರು. "ಹಾಗಾದ್ರೆ ಶನಿವಾರ ಹತ್ತು ಗಂಟೆಗೆ ಅಂಗಳದ ಬೆಂಚುಗಳಿಗೆ ಬಣ್ಣ ಹಚ್ಚೋಕೆ ನೀವೂ ಬನ್ನಿ. ಮೆಟ್ಟಿಲ ಹತ್ತಿರ ನೋಟೀಸು ಪ್ರತಿ ವರ್ಷ ಹಾಕ್ತೀವಿ. ಪಾಪ, ಓದೋಕೆ ಬರಲ್ಲ ಅಂತ ಇಷ್ಟು ದಿನ ನಿಮ್ಮನ್ನ ಬಿಟ್ಟಿದ್ದೆ."